ಅಟ್ಟದ ಬೂಟು, ಸಾವಿರ ಮೀಟರಿನ ತೊಟ್ಟಿ

"ಆ ಬೂಟು ಹಾಕ್ಕೊಂಡು ಟ್ರಿಗ್ಲಾವ್ ಹತ್ತಿದ್ರೆ ನಿನ್ನ ಹೆಣಾನೇ ಇಳಿಸ್ಕೊಂಡು ಬರ್ಬೇಕಾಗತ್ತೆ," ಎಂದೆ ನಾನು.

"ಬರ್ಲಿ ಬಿಡು. ನಿನ್ನ ಬಾಯಿಗಿಂತ ಅದೇ ವಾಸಿ," ಎಂದ ನನ್ನ ಗಂಡ ರಾಯ್ಕೊ.

ನಾನು ಎರಡೂ ಬೂಟುಗಳನ್ನು ಅಡುಗೆಮನೆಯ ಕಿಟಕಿಯಿಂದ ಅಂಗಳಕ್ಕೆ ಎಸೆದೆ. ಅವನು ಹೋಗಿ ಎತ್ತಿಕೊಂಡು, ಮಗುವಿನ ಮುಖ ಒರೆಸಿದ ಹಾಗೆ ಒರೆಸುತ್ತ ಒಳಗೆ ಬಂದ.

ಅವನಿಗೆ ಐವತ್ತೊಂದು ವರ್ಷ. ಸಾಮಿಲ್ಲಿನಲ್ಲಿ ಕೆಲಸ. ಕೊನೆಯ ಸಲ ಬೆಟ್ಟ ಹತ್ತಿ ಇಪ್ಪತ್ತೆರಡು ವರ್ಷವಾಗಿತ್ತು. ಮಗಳು ಹುಟ್ಟಿದಳು, ಮನೆ ಕಟ್ಟಿದೆವು, ಅತ್ತೆ ಹಾಸಿಗೆ ಹಿಡಿದರು. ಬೂಟು ಅಟ್ಟ ಸೇರಿತು. ಆದರೆ ಪ್ರತಿ ಅಕ್ಟೋಬರಿನಲ್ಲಿ ಅವನು ಅಟ್ಟ ಹತ್ತಿ ಬೂಟಿನ ಚರ್ಮಕ್ಕೆ ಮೇಣ ಹಚ್ಚುವುದನ್ನು ತಪ್ಪಿಸಲಿಲ್ಲ. ಇಪ್ಪತ್ತೆರಡು ಸಲ ಹಚ್ಚಿದ, ಒಂದು ಸಲವೂ ಹಾಕಿಕೊಳ್ಳಲಿಲ್ಲ. ಇಂಥ ಗಂಡಸರು ನಮ್ಮ ಸ್ಲೊವೇನಿಯಾದಲ್ಲಿ ಮನೆಗೊಬ್ಬರಿದ್ದಾರೆ.

ಈ ಜೂನ್‌ನಲ್ಲಿ ಸಾಮಿಲ್ಲಿನ ಜೊತೆಗಾರರು ಅವನನ್ನು ಕೆಣಕಿದರು. ಅವರೆಲ್ಲ ಮೂವತ್ತರ ಆಸುಪಾಸಿನವರು. ಇವನು ರೋಷಕ್ಕೆ ಬಿದ್ದು, ಮುಂದಿನ ತಿಂಗಳೇ ನಿಮ್ಮ ಜೊತೆ ಟ್ರಿಗ್ಲಾವ್‌ಗೆ ಬರ್ತೀನಿ ಎಂದುಬಿಟ್ಟ. ಅಟ್ಟದ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಮನುಷ್ಯ.

ನಿಜ ಹೇಳುತ್ತೇನೆ. ನನ್ನ ಸಿಟ್ಟು ಬರೀ ಬೂಟಿನ ಮೇಲಾಗಿರಲಿಲ್ಲ. ಟ್ರಿಗ್ಲಾವ್ ನಮ್ಮ ದೇಶದ ಅತಿ ಎತ್ತರದ ಬೆಟ್ಟ. ಅದನ್ನು ಹತ್ತದವರು ಪೂರಾ ನಮ್ಮವರಲ್ಲ ಎಂದು ನಮ್ಮ ಜನ ತಮಾಷೆಗೆ ಹೇಳುತ್ತಾರೆ. ಅವನು ಮದುವೆಗೆ ಮುಂಚೆಯೇ ಹತ್ತಿದ್ದ. ನಾನು ಇನ್ನೂ ಹತ್ತಿಲ್ಲ. ಮದುವೆಯಾದ ಹೊಸದರಲ್ಲಿ ಇಬ್ಬರೂ ಸೇರಿ ಒಂದು ಮೊಹರಿನ ಪುಸ್ತಕ ಶುರು ಮಾಡಿದ್ದೆವು. ಹೋದ ಬೆಟ್ಟದಲ್ಲೆಲ್ಲ ಒಂದೊಂದು ಮೊಹರು ಒತ್ತಿಸಿಕೊಂಡಿದ್ದೆವು. ಟ್ರಿಗ್ಲಾವ್ ಪುಟ ಮಾತ್ರ ಖಾಲಿ. "ಮುಂದಿನ ವರ್ಷ ಹೋಗೋಣ" ಎಂದು ಇಪ್ಪತ್ತೆರಡು ವರ್ಷ ಹೇಳಿದವನು ಈಗ ನನ್ನನ್ನು ಬಿಟ್ಟು ಹೊರಟಿದ್ದ.

ಆ ಜಗಳ ನೆವೆಂಕಾ ಕಿವಿಗೂ ಬಿತ್ತು. ಅತ್ತೆಯ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಲು ವಾರಕ್ಕೆರಡು ಸಲ ಮನೆಗೆ ಬರುವ ನರ್ಸ್ ಅವಳು. ವಯಸ್ಸು ಮೂವತ್ತನಾಲ್ಕು. ಊರಿನ ಪರ್ವತಾರೋಹಣ ಸಂಘದಲ್ಲಿ ದಾರಿ ತೋರಿಸುವವಳೂ ಅವಳೇ, ಯಾರಾದರೂ ಬಿದ್ದರೆ ಹೊತ್ತು ತರಲು ಹೋಗುವವಳೂ ಅವಳೇ. ಅವಳು ಬಹಳ ಮರ್ಯಾದೆಯಿಂದ ರಾಯ್ಕೊಗೆ ಹೇಳಿದಳು: ಮೊದಲು ಡಾಕ್ಟರ ಹತ್ತಿರ ಹೋಗಿ ಎದೆ, ರಕ್ತದೊತ್ತಡ ತೋರಿಸಿ. ಮೊದಲ ವಾರ ಒಂದು ಗಂಟೆ ನಡೆಯಿರಿ, ಆಮೇಲೆ ಎರಡು ಗಂಟೆ. ಬೂಟು ಹೊಸದು ತೆಗೆದುಕೊಳ್ಳಿ.

"ನಾನು ಟ್ರಿಗ್ಲಾವ್ ಹತ್ತಿದಾಗ ನೀವು ಬಾಯಲ್ಲಿ ಬೆರಳಿಟ್ಕೊಂಡು ಕೂತಿದ್ರಿ, ಸಿಸ್ಟರ್," ಎಂದ ಇವನು.

ಅವಳು ನಕ್ಕಳು. ಶನಿವಾರ ಅದೇ ಬೂಟು ಹಾಕಿಕೊಂಡು ಬ್ಲೆಗೋಶ್ ಬೆಟ್ಟಕ್ಕೆ ಬನ್ನಿ, ನೆಟ್ಟಗೆ ಹತ್ತಿ ಇಳಿದರೆ ನಾನು ಇನ್ನು ಬಾಯಿ ಬಿಡುವುದಿಲ್ಲ ಎಂದಳು. ನಾನೂ ಬರುತ್ತೇನೆ ಎಂದೆ. ನನ್ನ ಹಳೇ ಬೂಟೂ ಅಟ್ಟದಲ್ಲೇ ಇತ್ತು. ಅದನ್ನು ಮುಟ್ಟದೆ ಮಗಳ ಬೂಟು ಹಾಕಿಕೊಂಡೆ.

ಶನಿವಾರ ರಾಯ್ಕೊ ಮೊದಲ ಅರ್ಧ ಗಂಟೆ ಓಡಿದ. ನೆವೆಂಕಾ ಹಿಂದೆ ನಿಧಾನಕ್ಕೆ, ಮಾತಾಡುತ್ತಾ ಬಂದಳು. ಮಾತಾಡಲು ಉಸಿರು ಸಾಲದಿದ್ದರೆ ಅಷ್ಟು ಜೋರಾಗಿ ನಡೆಯಬಾರದು ಎಂದು ನನಗೆ ಹೇಳಿದಳು. ದಾರಿಯಲ್ಲಿ ದನಗಳಿಗೆ ನೀರು ಕುಡಿಸುವ ಮರದ ತೊಟ್ಟಿಯೊಂದಿದೆ. ನಾವು ಅಲ್ಲಿಗೆ ತಲುಪಿದಾಗ ಇವನು ಅದರ ಅಂಚಿನ ಮೇಲೆ ಬೀಟ್‌ರೂಟಿನಂತೆ ಕೆಂಪಗಾಗಿ ಕೂತಿದ್ದ.

ಆ ತೊಟ್ಟಿ ಇರುವುದು ಸಾವಿರ ಮೀಟರ್ ಎತ್ತರದಲ್ಲಿ. ಅಲ್ಲಿಂದ ಮೇಲೆ ನಮ್ಮಲ್ಲಿ ಯಾರೂ ಯಾರಿಗೂ 'ನೀವು' ಅನ್ನುವುದಿಲ್ಲ. ಮಂತ್ರಿಯೇ ಬಂದರೂ 'ನೀನು'.

ನೆವೆಂಕಾ ಕೈ ಚಾಚಿದಳು. "ರಾಯ್ಕೊ, ಇನ್ಮೇಲೆ ನೀನು."

"ನೀನು," ಎಂದು ಇವನೂ ಕೈ ಕುಲುಕಿದ. ಅಷ್ಟು ಹೇಳಲೂ ಉಸಿರು ಸಾಲಲಿಲ್ಲ.

ಕಾಲು ಗಂಟೆ ನಡೆದಿರಬೇಕು. ಕಲ್ಲಿನ ದಾರಿಯಲ್ಲಿ ಅವನ ಬಲಗಾಲಿನ ಬೂಟು ಬಾಯಿ ಬಿಟ್ಟಿತು. ಹತ್ತು ಹೆಜ್ಜೆಗೆ ಎಡಗಾಲಿನ ಅಟ್ಟೆ ಪೂರ್ತಿ ಕಿತ್ತು ಬಂತು. ಅವನು ಅದನ್ನು ಕೈಯಲ್ಲಿ ಹಿಡಿದರೆ ಒಣಗಿದ ಕೇಕಿನ ಹಾಗೆ ಉದುರಿತು.

"ವರ್ಷಾ ವರ್ಷಾ ಮೇಣ ಹಚ್ಚಿದ್ದೀನಿ," ಎಂದ, ಅಳುವವನಂತೆ.

ಇಲ್ಲಿಂದ ನೆವೆಂಕಾ ಬಾಯಿ ನೋಡಬೇಕಿತ್ತು. "ಮೇಣ ಚರ್ಮಕ್ಕೆ ಹಚ್ಚಿದೆ, ಅಟ್ಟೆಗೇನು ಮಾಡಿದೆ? ಅದು ಕೂತಲ್ಲೇ ಪುಡಿಯಾಗತ್ತೆ. ಹಾಕ್ಕೊಂಡ್ರೂ ಅಷ್ಟೇ, ಹಾಕ್ಕೊಳ್ದೇ ಇದ್ರೂ ಅಷ್ಟೇ. ಇದು ಟ್ರಿಗ್ಲಾವ್ ಬಂಡೆ ಮೇಲೆ ಆಗಿದ್ರೆ ನಿನ್ನ ಎತ್ಕೊಂಡು ಬರೋಕೆ ಬರ್ಬೇಕಾದವಳು ನಾನು. ನಿನ್ನ ವಯಸ್ಸಿನವರು ಇಬ್ಬರನ್ನ ಹೋದ ವರ್ಷ ಹೊತ್ತಿದ್ದೀನಿ. ನೀನು ಅವರಿಬ್ಬರಿಗಿಂತ ಭಾರ ಇದ್ದೀಯ, ಮಾರಾಯ."

ಮನೆಯಲ್ಲಿ 'ನೀವು' ಎಂದು ಹೇಳಿದಾಗ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟವನು, ಈಗ ತಲೆ ತಗ್ಗಿಸಿ ಕೇಳಿದ. ಅವಳು ಬೂಟಿಗೆ ಪ್ಲಾಸ್ಟರ್ ಪಟ್ಟಿ ಸುತ್ತಿದಳು. ಶಿಖರದ ಮಾತು ಬಿಟ್ಟು ತಂಗುಮನೆಯವರೆಗೆ ಮಾತ್ರ ಹೋಗಿ, ಬಿಸಿ ಬಾರ್ಲಿ ಗಂಜಿ ಕುಡಿದು ತಿರುಗಿದೆವು. ಇಳಿಯುವಾಗ ಅವಳು ತನ್ನ ಎರಡೂ ಊರುಗೋಲುಗಳನ್ನು ಅವನಿಗೆ ಕೊಟ್ಟಳು. ಹತ್ತುವಾಗ ಎದೆ ಬಡಿದುಕೊಂಡರೆ ಇಳಿಯುವಾಗ ಮಂಡಿ ಕೂಗುತ್ತದೆ, ಸಣ್ಣ ಹೆಜ್ಜೆ ಇಡು ಎಂದಳು.

ತೊಟ್ಟಿಯ ಹತ್ತಿರ ನಾನು ಅವನನ್ನು ನಿಲ್ಲಿಸಿದೆ. "ನನ್ನನ್ನ ಯಾಕೆ ಕರೀಲಿಲ್ಲ?" ಎಂದೆ.

ಅವನು ಬಗ್ಗಿ ಬೂಟಿನ ಪಟ್ಟಿ ಬಿಗಿ ಮಾಡಿದ. "ನನ್ನ ಕೈಲಿ ಆಗ್ದೇ ಇದ್ರೆ ನೀನು ನೋಡೋದು ಬೇಡ ಅಂತ," ಎಂದ.

ಅವನ ಒಂದು ಊರುಗೋಲು ಕಿತ್ತುಕೊಂಡು ನನ್ನ ತೋಳು ಕೊಟ್ಟೆ.

ಸೋಮವಾರ ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ಅವನ ರಕ್ತದೊತ್ತಡಕ್ಕೆ ಮಾತ್ರೆ ಕೊಟ್ಟರು. ಆರು ವಾರ ಬಿಟ್ಟು ಮತ್ತೆ ನೋಡಿ, ಇನ್ನು ಎತ್ತರಕ್ಕೆ ಹೋಗಬಹುದು ಎಂದರು. ಜೊತೆಗಾರರ ಕೂಡೆ ಹೋಗುವುದನ್ನು ಅವನೇ ಬಿಟ್ಟ. ಇಬ್ಬರಿಗೂ ಹೊಸ ಬೂಟು ತಂದು, ಮೊದಲು ಅಂಗಳದಲ್ಲಿ ಸೌದೆ ಹೊರುವಾಗ ಹಾಕಿಕೊಂಡು ಪಳಗಿಸಿದೆವು. ಮಂಗಳವಾರ ಸಂಜೆ ಊರಿನ ಹಿಂದಿನ ದಿಬ್ಬ, ಶನಿವಾರ ಬೆಟ್ಟ. ಆಗಸ್ಟ್ ಕೊನೆಗೆ ಬ್ಲೆಗೋಶ್ ಶಿಖರದಲ್ಲಿ ಅವನು ಏದುಸಿರಿಲ್ಲದೆ ನನ್ನ ಜೊತೆ ಜಗಳವಾಡಿದ. ಅದನ್ನು ಕೇಳಿದ ನೆವೆಂಕಾ, ಇನ್ನು ಟ್ರಿಗ್ಲಾವ್‌ಗೆ ಹೋಗಬಹುದು ಎಂದಳು.

ನಿನ್ನೆ ಭಾನುವಾರ ಮೈದುನ ದ್ರಾಗೊ ಬಂದಿದ್ದ. ಮೂರು ದಿನ ಅವನ ತಾಯಿಯನ್ನು ನೋಡಿಕೊಳ್ಳಲು ಕರೆಸಿದ್ದೆವು. ಬಾಗಿಲಲ್ಲಿದ್ದ ನಮ್ಮ ಚೀಲ ನೋಡಿ ಶುರು ಮಾಡಿದ.

"ಈ ವಯಸ್ಸಲ್ಲಿ ಏನ್ ಹುಚ್ಚು ಅತ್ತಿಗೆ ನಿಮಗೆ? ಇಬ್ಬರ ಹೆಣಾನೂ ಇಳಿಸ್ಬೇಕಾಗತ್ತೆ."

ಅದು ನನ್ನದೇ ಮಾತು. ಸೂಪಿನ ಸೌಟನ್ನು ಅವನ ಕೈಗೆ ಕೊಟ್ಟೆ. ಅವನು ಇನ್ನೂ ಮಾತಾಡುತ್ತಲೇ ಇದ್ದ. ನಾನು ಚೀಲ ಏರಿಸಿಕೊಂಡು ಹೊರಗೆ ನಡೆದೆ. ರಾಯ್ಕೊ ಹಿಂದೆ ಬಂದು ಬಾಗಿಲು ಎಳೆದುಕೊಂಡ.

ಇದನ್ನು ಸಂಘದವರ ಕರಪತ್ರಕ್ಕಾಗಿ ಟ್ರಿಗ್ಲಾವ್ ಕೆಳಗಿನ ತಂಗುಮನೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಇದು ಎರಡೂವರೆ ಸಾವಿರ ಮೀಟರ್ ಎತ್ತರ. ಆದ್ದರಿಂದ ಓದುತ್ತಿರುವ ನಿನಗೂ ಇಲ್ಲಿಂದ 'ನೀನು' ಎಂದೇ ಹೇಳುತ್ತೇನೆ.

ಇವತ್ತೇ ಅಟ್ಟ ಹತ್ತು. ಬೂಟು ಇಳಿಸಿ ಅಟ್ಟೆಯನ್ನು ಬಗ್ಗಿಸಿ ನೋಡು, ಬಿರುಕು ಬಿಟ್ಟರೆ ಎಸೆ. ಡಾಕ್ಟರಿಗೆ ತೋರಿಸಿಕೋ. ಮನೆ ಹಿಂದಿನ ದಿಬ್ಬದಿಂದ ಶುರು ಮಾಡು. ಎಲ್ಲಿಗೆ ಹೋಗುತ್ತೀ ಎಂದು ಯಾರಿಗಾದರೂ ಹೇಳಿ ಹೋಗು. ಜೊತೆಯಲ್ಲಿ ಹತ್ತಬೇಕಾದವರನ್ನು ಬಿಟ್ಟು ಹೋಗಬೇಡ. ನಾಚಿಕೆ ಆದರೂ ಕರೆ.

ಉಪ್ಪು ಎಲ್ಲಿದೆ ಎಂದು ದ್ರಾಗೊ ಆಗಲೇ ಫೋನ್ ಮಾಡಿದ್ದ. ಹೇಳಿದೆ. ಯಾವಾಗ ಬರ್ತೀರಿ ಎಂದ. ಅದನ್ನು ಮಾತ್ರ ಹೇಳಲಿಲ್ಲ. ಮೊಹರಿನ ಪುಸ್ತಕ ನನ್ನ ಚೀಲದಲ್ಲಿದೆ, ನಾಳೆ ಬೆಳಿಗ್ಗೆ ಆಕಾಶ ತಿಳಿಯಾಗಿರುತ್ತದಂತೆ.