ಹತ್ತನೆಯವನು

ಭಾನುವಾರ ಬೆಳಿಗ್ಗೆ ಸೆಗುಲ್ಲಾ ಅಕ್ಕಿ ಆರಿಸುತ್ತ ಕುಳಿತಿದ್ದಳು. ಮೊದಲಾಗಿದ್ದರೆ ಈ ಹೊತ್ತಿಗೆ ಕೆಳಗಿನ ಕೋಣೆಯಲ್ಲಿ ಮಕ್ಕಳು ಹೀಬ್ರೂ ಅಕ್ಷರ ಒಪ್ಪಿಸುವುದು ಕೇಳುತ್ತಿತ್ತು. ಪುಣೆಯ ರಾಸ್ತಾ ಪೇಠದ ಆ ಯೆಹೂದಿ ಪಾಠಶಾಲೆಯ ಬಾಗಿಲಿಗೆ ಈಗ ಎರಡು ಬೀಗಗಳು. ಒಂದು ಅವಳ ಗಂಡ ರೂಬೆನ್ ಹಾಕಿದ್ದು, ಇನ್ನೊಂದು ಅವಳ ಅಣ್ಣ ಹಾಯಿಮ್ ಹಾಕಿದ್ದು.

ಮೂವರೂ ಹುಬ್ಬಳ್ಳಿಯ ರೈಲ್ವೆ ವಠಾರದಲ್ಲಿ ಬೆಳೆದವರು. ಹೊರಗೆ ಮರಾಠಿ ಆಡಿದರೂ ತಮ್ಮತಮ್ಮಲ್ಲಿ ಕನ್ನಡವೇ. ಪುಣೆಗೆ ಬಂದ ಮೇಲೆ ಈ ಶಾಲೆ ಕಟ್ಟಿದವನು ರೂಬೆನ್‌ನ ತಂದೆ. ಆತ ತೀರಿದ ಮೇಲೆ ರೂಬೆನ್ ಕಲಿಸುತ್ತಿದ್ದ. ಅದನ್ನು ಹೊರದೇಶದ ಸಂಸ್ಥೆಯೊಂದಕ್ಕೆ ಒಪ್ಪಿಸಬೇಕು, ಇಸ್ರೇಲಿಗೆ ಹೊರಟ ಮಕ್ಕಳಿಗೆ ಅಲ್ಲಿನ ಶಿಕ್ಷಕರೇ ಬೇಕು ಎಂದು ಶಾಲೆಯ ಸಮಿತಿಯ ಅಧ್ಯಕ್ಷನಾದ ಹಾಯಿಮ್ ಹಟ ಹಿಡಿದ. ಹಾಗೆ ಮಾಡಿದರೆ ಇಲ್ಲೇ ಉಳಿಯುವವರ ಗತಿಯೇನು ಎಂದು ರೂಬೆನ್ ಕೇಳಿದ. ಜಗಳ ಮನೆಮನೆಗೂ ಹೊಕ್ಕು, ಇದ್ದ ಬೆರಳೆಣಿಕೆಯ ಕುಟುಂಬಗಳೂ ಇಬ್ಭಾಗವಾದವು. ಒಂದು ವರ್ಷ ಯಾವ ಮಗುವೂ ಪುಸ್ತಕ ತೆರೆಯಲಿಲ್ಲ.

ಕೋರ್ಟಿಗೆ ಹೋದರೆ ತಮ್ಮ ಕಾಲದಲ್ಲಿ ಮುಗಿಯುವುದಿಲ್ಲವೆಂದು ಹಿರಿಯರು ಹೆದರಿದರು. ಮುಂಬೈಗೆ ಬಂದಿದ್ದ ಪರದೇಶದ ರಬ್ಬಿಯೊಬ್ಬರನ್ನು, ಅಂದರೆ ಯೆಹೂದಿ ಧರ್ಮಗುರುವನ್ನು, ಕರೆಸಿದರು. ಅವರ ತೀರ್ಪಿಗೆ ಬದ್ಧರೆಂದು ಇಬ್ಬರೂ ಮೊದಲೇ ಸಹಿ ಹಾಕಿದರು.

ಪ್ರಾರ್ಥನಾಲಯದ ಪಡಸಾಲೆಯಲ್ಲಿ ರಬ್ಬಿ ಇಬ್ಬರ ಮಾತನ್ನೂ ತಾಳ್ಮೆಯಿಂದ ಕೇಳಿದರು. ಇನ್ನು ಯಾರಾದರೂ ಹೇಳುವುದಿದೆಯೇ ಎಂದಾಗ ಹೆಂಗಸರ ಸಾಲಿನಿಂದ ಸೆಗುಲ್ಲಾ ಎದ್ದು ನಿಂತಳು. ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಈ ಜಗಳದ ನಡುವ ನಮ್ಮವ್ವ ಹೋದಾಗ ಅಕಿಗಾಗಿ ಪ್ರಾರ್ಥನಾ ಮಾಡಾಕ ಹತ್ತು ಮಂದಿ ಗಂಡಸರು ಬೇಕಿತ್ತು. ಒಂಬತ್ತು ಮಂದಿ ಬಂದಿದ್ರು. ಹತ್ತನೇವ್ರು ಅಣ್ಣನ ಮನಿ ಹೊಸ್ತಿಲಾ ತುಳಿಯೂದಿಲ್ಲಂತ ನಮ್ಮ ಮನಿಯಾಗ ಬಾಗಿಲಾ ಹಾಕ್ಕೊಂಡು ಕುಂತಿದ್ರು. ಪ್ರಾರ್ಥನಾ ಆಗಲೇ ಇಲ್ಲ."

ಅವಳ ಕನ್ನಡವನ್ನು ಹಿರಿಯರೊಬ್ಬರು ಇಂಗ್ಲಿಷಿಗೆ ತಿರುಗಿಸಿದರು. ರಬ್ಬಿ ರೂಬೆನ್‌ನನ್ನು ನೋಡಿ, ಇದು ನಿಜವೇ ಎಂದರು. ರೂಬೆನ್ ತಲೆ ಎತ್ತದೆಯೇ ಹೌದೆಂದ.

ಸಂಜೆಗೆ ತೀರ್ಪು ಬಂತು. ಕಟ್ಟಿದವನ ಮಗನಾದ್ದರಿಂದ ಶಾಲೆಯ ಆಡಳಿತ ರೂಬೆನ್‌ನದೇ. ಹಾಯಿಮ್ ತನ್ನ ಬೀಗ ತೆಗೆದುಕೊಂಡು ಹೋದ.

ಮುಂದಿನ ಭಾನುವಾರ ರೂಬೆನ್ ಬೆಂಚುಗಳ ಧೂಳು ಒರೆಸಿ ಕಾದ. ಯಾರೂ ಬರಲಿಲ್ಲ. ಅವನ ಪರ ನಿಂತಿದ್ದ ಮನೆಗಳೂ ಮಕ್ಕಳನ್ನು ಕಳಿಸಲಿಲ್ಲ. ಸತ್ತವಳಿಗೆ ಪ್ರಾರ್ಥನೆ ತಪ್ಪಿಸಿದವನ ಬಳಿ ಮಕ್ಕಳು ಏನು ಕಲಿಯಬೇಕು ಎಂದು ಯಾರೋ ಅಂದದ್ದು ಅವನ ಕಿವಿಗೂ ಬಿತ್ತು. ಮಧ್ಯಾಹ್ನ ಊಟಕ್ಕೆ ಕರೆಯಲು ಸೆಗುಲ್ಲಾ ಇಳಿದು ಬಂದಾಗ ಅವನು ಚಿಕ್ಕ ಮಕ್ಕಳ ಬೆಂಚಿನ ಮೇಲೆ ಮುದುಡಿ ಕುಳಿತಿದ್ದ.

"ನಾ ಗೆದ್ದೆ ಅಂದ್ಕೊಂಡಿದ್ದೆ," ಎಂದ.

ಅವಳು ಅವನನ್ನು ಸಮಾಧಾನಪಡಿಸಲಿಲ್ಲ. ಅವಳಿಗೆ ಆ ಶಕ್ತಿ ಉಳಿದಿರಲಿಲ್ಲ. ಬಾಗಿಲಲ್ಲಿ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಅವನು ಎದ್ದು ಚಪ್ಪಲಿ ಮೆಟ್ಟಿದ. ಎಲ್ಲಿಗೆಂದು ಕೇಳದೆ ಅವಳೂ ಹಿಂದೆ ನಡೆದಳು.

ಹಾಯಿಮ್‌ನ ಮನೆ ಎರಡು ಗಲ್ಲಿ ಆಚೆ. ಬಾಗಿಲು ತೆರೆದವನು ಒಳಗೆ ಕರೆಯಲಿಲ್ಲ. ರೂಬೆನ್ ಹೊಸ್ತಿಲ ಹೊರಗೇ ನಿಂತು ಹೇಳಿದ:

"ಸಾಲಿ ನಂದಂತ ತೀರ್ಪಾತು. ಅದರಾಗ ಕಲಿಯೋವ್ರು ಯಾರೂ ಇಲ್ಲ. ಅವ್ವನ ಪ್ರಾರ್ಥನಾಕ್ಕ ನಾ ಬರಲಿಲ್ಲ, ಅದು ನಂದ ತಪ್ಪು. ಈ ಸಾಲಿ ಇಬ್ಬರೂ ಕೂಡಿ ನಡಸೋಣು. ಹೊರಗಿನ ಮಾಸ್ತರ ಬಂದ್ರ ಬರ್ಲಿ, ನಾನೂ ಅವರ ಕಡೆ ಕಲೀತೀನಿ."

ಹಾಯಿಮ್ ಒಳಗೆ ತಿರುಗಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದು, ಮಾಮಾನ ಜೊತೆ ಹೋಗಿರೆಂದ.

"ನೀನೂ ಬಾ," ಎಂದ ರೂಬೆನ್.

"ಇವತ್ತ ಬ್ಯಾಡ," ಎಂದ ಹಾಯಿಮ್.

ರೂಬೆನ್ ಹುಡುಗಿಯರನ್ನು ಕರೆದುಕೊಂಡು ಗಲ್ಲಿಯ ತಿರುವು ದಾಟಿದ. ಸೆಗುಲ್ಲಾ ಹೊಸ್ತಿಲಲ್ಲೇ ಉಳಿದಳು. ಅವ್ವ ತೀರಿದಾಗಿನಿಂದ ಆ ಮನೆಯೊಳಗೆ ಅವಳು ಕಾಲಿಟ್ಟಿರಲಿಲ್ಲ. ಹಾಯಿಮ್ ಅವಳ ಮುಖ ನೋಡದೆಯೇ ಗೋಡೆಗೆ ಒರಗಿಸಿದ್ದ ಕುರ್ಚಿಯನ್ನು ಎಳೆದು, ಅದರ ಮೇಲಿದ್ದ ಬಟ್ಟೆಗಳನ್ನು ಎತ್ತಿ ಜಾಗ ಮಾಡಿದ.