ಸಂಕದ ಕೋಳಿಗೆ ಅಕ್ಕನ ಸ್ವರ

ಇದರಲ್ಲಿ ಒಂದೇ ಒಂದು ಸುಳ್ಳಿದ್ದರೆ ನಾಳೆಯಿಂದ ನಾನು ಸುತ್ತುವ ಬೀಡಿ ಒಂದೂ ಹೊತ್ತಿಕೊಳ್ಳದಿರಲಿ. ನರಿಕೊಂಬಿನಲ್ಲಿ ಮೂವತ್ತು ವರ್ಷದಿಂದ ಬೀಡಿ ಸುತ್ತಿ ಬದುಕಿದವಳು ಇದಕ್ಕಿಂತ ದೊಡ್ಡ ಆಣೆ ಹಾಕಲಿಕ್ಕಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಅದರಲ್ಲಿಯೂ ಒಂದು ವರ್ಷ ಮೇಷ್ಟ್ರು ಬಂದಿರಲಿಲ್ಲ. ಸುಳ್ಳು ಹೇಳುವಷ್ಟು ವಿದ್ಯೆ ನನಗೆ ಎಲ್ಲಿಂದ ಬರಬೇಕು?

ನನ್ನ ಅಕ್ಕ ರಾಜೀವಿ. ಅವಳ ಮನೆ ಬೆಳ್ತಂಗಡಿಯ ಹತ್ತಿರ ಲಾಯಿಲದಲ್ಲಿ. ಗಂಡ ಮಸ್ಕತ್‌ನಲ್ಲಿ. ಒಬ್ಬಳೇ ಮಗಳು ವಿಸ್ಮಿತಾ ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದುಕೊಂಡು ಕಂಪ್ಯೂಟರ್ ಓದುತ್ತಾಳೆ. ಈ ಅಕ್ಕ ನನ್ನೊಂದಿಗೆ ಮಾತು ಬಿಟ್ಟು ನಾಲ್ಕು ಆಟಿ ಕಳೆದಿತ್ತು.

ಆಟಿ ಅಂದರೆ ನಾಟಿ ಮುಗಿದು ಜನ ಮನೆಯೊಳಗೆ ಕೂತುಕೊಳ್ಳುವ ತಿಂಗಳು. ಅಟ್ಟದಿಂದ ಚೆನ್ನೆಮಣೆ ಕೆಳಗಿಳಿಯುವುದು ಆಗಲೇ. ಹದಿನಾಲ್ಕು ಗುಳಿಯ ಮರದ ಮಣೆ, ಗುಳಿಗೆ ನಾಲ್ಕರಂತೆ ಕೆಂಪು ಮಂಜೊಟ್ಟಿ ಬೀಜದ ಕಾಯಿ. ಯಾರು ಬೇಕಾದರೂ ಆಡಲಿ, ಅಕ್ಕ ತಂಗಿ ಮಾತ್ರ ಒಂದೇ ಮಣೆಗೆ ಎದುರುಬದುರು ಕೂರಬಾರದು, ಕೂತರೆ ಸಂಬಂಧ ಕಡಿದುಹೋಗುತ್ತದೆ ಎಂದು ಹಿರಿಯರ ಕಟ್ಟಳೆ. ನಾವಿಬ್ಬರು ಚಿಕ್ಕಂದಿನಲ್ಲಿ ದನದ ಹಟ್ಟಿಯ ಹಿಂದೆ ಕೂತು ಕದ್ದು ಆಡುತ್ತಿದ್ದೆವು. ನಾನು ಸೋತು ಮುಖ ಊದಿಸಿಕೊಂಡಾಗಲೆಲ್ಲ ಅಕ್ಕ ಕಾಯಿಗಳನ್ನು ಮತ್ತೆ ಗುಳಿಗೆ ತುಂಬಿಸುತ್ತಾ "ನನೊರ ತೂಕ" ಅನ್ನುತ್ತಿದ್ದಳು. ತುಳುವಿನ ಮಾತು, ಇನ್ನೊಂದು ಸಲ ನೋಡುವ ಎಂದು. ಅವಳ ಬಾಯಲ್ಲಿ ಅದು ಅರ್ಧ ಕೀಟಲೆ, ಅರ್ಧ ತಲೆ ಸವರಿದ ಹಾಗೆ.

ನಾಲ್ಕು ವರ್ಷದ ಹಿಂದೆ ಲಾಯಿಲಕ್ಕೆ ಹೋದಾಗ ಮಣೆ ಜಗಲಿಯಲ್ಲಿಯೇ ಇತ್ತು. ತಲೆ ನರೆತ ಮೇಲೆ ಕಟ್ಟಳೆ ಎಂಥದ್ದು ಎಂದು ಕೂತೇ ಬಿಟ್ಟೆವು. ಮೂರು ಆಟ ಸೋತೆ. ನಾಲ್ಕನೆಯದರಲ್ಲಿ ಒಂದು ಕಾಯಿ ಸೆರಗಿಗೆ ಹಾಕಿದೆ.

"ಐವತ್ತೈದೇ ಉಂಟಲ್ಲ," ಅಂದಳು ಅಕ್ಕ. "ಎಲ್ಲಿ, ತೆಗಿ ಚಿತ್ರಾ."

"ನಂಗೆ ಗೊತ್ತಿಲ್ಲ. ನಿನ್ನ ಕೋಳಿ ನುಂಗಿರ್ಬೇಕು."

"ಕೋಳಿಗೆ ಸೆರಗು ಇಲ್ಲ ಮಾರಾಯ್ತಿ. ಸಣ್ಣದಿರುವಾಗಿಂದ ನೀನು ಕಳ್ಳಿಯೇ."

ಅವಳು ನಗುತ್ತಲೇ ಹೇಳಿದ್ದು. ನನಗೆ ಮಾತ್ರ ಪಿತ್ತ ನೆತ್ತಿಗೇರಿತು. "ನಿಂಗೆ ಎಲ್ಲದರಲ್ಲಿ ಗೆಲ್ಲಬೇಕು. ಅದಕ್ಕೇ ಭಾವ ಊರಿಗೆ ಬರುವುದಿಲ್ಲ!"

ಬಾಯಿಂದ ಬಿದ್ದದ್ದನ್ನು ಸೆರಗಿಗೆ ಹಾಕಿಕೊಳ್ಳಲಿಕ್ಕೆ ಆಗುತ್ತದಾ? ಅಕ್ಕ ಒಂದೊಂದೇ ಕಾಯಿ ಹೆಕ್ಕಿ ಚೀಲಕ್ಕೆ ತುಂಬಿಸಿದಳು. "ಬಸ್ಸಿಗೆ ಹೊತ್ತಾಯ್ತು ನಿಂಗೆ," ಅಂದಳು. ಅಷ್ಟೇ. ಆಮೇಲೆ ನಾನು ಫೋನ್ ಮಾಡಿದರೆ ಅವಳು ಎತ್ತಲಿಲ್ಲ. ಒಂದು ತಿಂಗಳಾದ ಮೇಲೆ ನಾನೂ ಮಾಡಲಿಲ್ಲ. ಅವಳ ತಂಗಿಯೇ ತಾನೇ ನಾನು. ಆ ಕೆಂಪು ಕಾಯಿ ನನ್ನ ಬೀಡಿ ನೂಲಿನ ಡಬ್ಬಿಯಲ್ಲಿ ಉಳಿಯಿತು. ದಿನಾ ನೂಲು ತೆಗೆಯುವಾಗ ಕಣ್ಣಿಗೆ ಬೀಳುತ್ತಿತ್ತು.

ಹೀಗಿರುವಾಗ ಒಂದು ದಿನ ಪಕ್ಕದ ಮನೆಯ ಖದೀಜ ಫೋನ್ ಹಿಡಿದುಕೊಂಡು ಓಡಿ ಬಂದಳು. ನಾವಿಬ್ಬರು ಒಟ್ಟಿಗೆ ಕೂತು ಬೀಡಿ ಸುತ್ತುವವರು.

"ಚಿತ್ರಕ್ಕಾ, ಈ ಹಾಳು ಕೋಳಿಯನ್ನು ಒಮ್ಮೆ ದಾಟಿಸಿ ಕೊಡಿ. ನನ್ನ ಸೊಸೆ ಫಾಯಿಝಾ ಹಾಕಿ ಕೊಟ್ಟದ್ದು. ಬೆಳಗ್ಗಿಂದ ಅನ್ನ ಎರಡು ಸಲ ಸೀದುಹೋಯಿತು!"

ಫೋನಿನಲ್ಲಿ ನೀರು ಹರಿಯುವ ಒಂದು ತೋಡು. ತೋಡಿಗೆ ಅಡ್ಡ ಒಂದೇ ಅಡಿಕೆ ಮರದ ಸಂಕ, ನಾವು ಮಳೆಗಾಲದಲ್ಲಿ ದಾಟುತ್ತೇವಲ್ಲ, ಅಂಥದ್ದೇ. ಅದರ ಮೇಲೆ ಒಂದು ಬಡಕಲು ಕೋಳಿ. ಹೆಬ್ಬೆರಳು ಒತ್ತಿದರೆ ಕಾಲೆತ್ತುತ್ತದೆ, ಬಿಟ್ಟರೆ ಕಾಲಿಡುತ್ತದೆ. ಆಟ ಅಂದರೆ ಇಷ್ಟೇ. ನಾನು ಒತ್ತಿದೆ. ಕೋಳಿ ಮೊದಲನೇ ಹೆಜ್ಜೆಗೇ ತಲೆಕೆಳಗಾಗಿ ನೀರಿಗೆ ಬಿತ್ತು. ಫೋನಿನ ಒಳಗಿಂದ ಒಂದು ಸ್ವರ ಬಂತು.

"ನನೊರ ತೂಕ."

ನಾಲ್ಕು ವರ್ಷದಿಂದ ಕೇಳದ ಸ್ವರ, ಅದೇ ಕೀಟಲೆ, ಕೊನೆಯಲ್ಲಿ ಅದೇ ಸಣ್ಣ ನಗು.

"ಇದರ ಒಳಗೆ ನನ್ನ ಅಕ್ಕ ಉಂಟು," ಅಂದೆ.

"ಆಟ ಮಾಡಿದ್ದು ನಿಮ್ಮ ಅಕ್ಕನ ಮಗಳೇ ಅಂತೆ. ಮೂಡುಬಿದಿರೆಯಿಡೀ ಅವಳದ್ದೇ ಸುದ್ದಿ. ನಿಮಗೆ ಹೇಳ್ಲಿಲ್ವಾ?"

ನನಗೆ ಯಾರು ಹೇಳಬೇಕು?

ಆಮೇಲೆ ಆದದ್ದನ್ನು ನೀವು ನಂಬುವುದಿಲ್ಲ, ನಂಬದಿದ್ದರೆ ನಷ್ಟ ನಿಮಗೆ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಹೊರಡಬೇಕಾದ ಬಸ್ಸು ಮಧ್ಯಾಹ್ನದವರೆಗೆ ಹೊರಡಲಿಲ್ಲ, ಯಾಕೆಂದರೆ ಕಂಡಕ್ಟರನ ಕೋಳಿ ಹನ್ನೊಂದನೇ ಹೆಜ್ಜೆಯಲ್ಲಿತ್ತು, ಪ್ರಯಾಣಿಕರೆಲ್ಲ ಅವನ ಸುತ್ತ ಉಸಿರು ಬಿಗಿಹಿಡಿದು ನಿಂತಿದ್ದರು. ಬಂಟ್ವಾಳದ ಒಂದು ಮದುವೆಯಲ್ಲಿ ಮದುಮಗ ತಾಳಿ ಹಿಡಿದುಕೊಂಡೇ ಕೋಳಿ ದಾಟಿಸಲು ಹೋಗಿ ಮುಹೂರ್ತ ತಪ್ಪಿಸಿದ. ಮದುಮಗಳು ಸಿಟ್ಟಾಗಿ ಫೋನ್ ಕಸಿದುಕೊಂಡವಳು ಅವಳೇ ಆಡತೊಡಗಿದಳು, ಆಮೇಲೆ ಇನ್ನೊಂದು ಮುಹೂರ್ತ ನೋಡಬೇಕಾಯಿತು. ನಾವು ಸುತ್ತಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನ ಹುಕ್ರಪ್ಪಣ್ಣ ಹುಟ್ಟಿದಾಗಿನಿಂದ ಒಂದು ಕಟ್ಟನ್ನೂ ತಪ್ಪು ಹುಡುಕದೆ ತೆಗೆದುಕೊಂಡವರಲ್ಲ. ಆ ವಾರ ನಾನು ಬೀಡಿಯ ಬದಲು ಬೆಂಡೆಕಾಯಿ ಕಟ್ಟಿ ಕೊಟ್ಟೆ. ಫೋನಿನಿಂದ ತಲೆ ಎತ್ತದೆ "ಲಾಯ್ಕುಂಟು" ಅಂದು ತೆಗೆದಿಟ್ಟರು. ಬ್ರೆಜಿಲ್ ಎಂಬಲ್ಲಿ ಮಕ್ಕಳು ಈಗ ಬಿದ್ದರೆ ಅಳುವುದಿಲ್ಲವಂತೆ, ಎದ್ದು ಮೊಣಕಾಲು ಒರೆಸಿಕೊಂಡು "ನನೊರ ತೂಕ" ಅನ್ನುತ್ತವಂತೆ.

ಎಲ್ಲರೂ ಕೋಳಿಗೆ ಬೈದವರೇ. ಬೈದು ಫೋನ್ ಚಾಪೆಗೆ ಬಿಸಾಡುವುದು, ಬಿಸಾಡಿದ ಕೈಯೇ ಹೋಗಿ ಹೆಕ್ಕುವುದು. ಮಾರಿಪಳ್ಳದ ಶಾಫಿ ಮೂವತ್ತೆಂಟು ಹೆಜ್ಜೆ ಹೋದ ಎಂದು ಅವನನ್ನು ನೋಡಲಿಕ್ಕೆ ರಿಕ್ಷಾ ಮಾಡಿಕೊಂಡು ಜನ ಬಂದರು.

ನಾನು ಫಾಯಿಝಾನ ಕೈಯಲ್ಲಿ ನನ್ನ ಫೋನಿಗೂ ಆ ಆಟ ಹಾಕಿಸಿದೆ. ಹೆಸರು, ಊರು ಕೇಳಿತು. ಅವಳು "ಚಿತ್ರಾ, ನರಿಕೊಂಬು" ಎಂದು ಒತ್ತಿದಳು. ಅಂದಿನಿಂದ ನಾನೂ ಆಡಿದೆ. ಆದರೆ ಬೇರೆಯವರ ಹಾಗೆ ಅಲ್ಲ. ಕೋಳಿ ದಾಟಿದರೆ ನನಗೆ ಏನು ಸಿಗುತ್ತದೆ? ಬಿದ್ದರೆ ಅಲ್ಲವೇ ಅಕ್ಕ ಮಾತಾಡುವುದು. ಹಾಗಾಗಿ ಮೊದಲನೇ ಹೆಜ್ಜೆಗೇ ಬೀಳಿಸುತ್ತಿದ್ದೆ. ಎಲೆ ಕತ್ತರಿಸುವ ಮೊದಲು ಒಮ್ಮೆ. ನೂಲು ಸುತ್ತಿ ಒಮ್ಮೆ. ಗಂಜಿಗೆ ಕೂತಾಗ ಎದುರು ಫೋನ್ ಇಟ್ಟುಕೊಂಡು ನಾಲ್ಕೈದು ಸಲ.

"ಇದೆಂಥ ಆಟ ನಿಮ್ಮದು?" ಎಂದು ಖದೀಜ ಬೈದಳು. "ಎರಡನೇ ಹೆಜ್ಜೆ ಇಡ್ಲಿಕ್ಕೂ ಗೊತ್ತಿಲ್ವಾ? ನನ್ನ ಮೊಮ್ಮಗು ಐದು ಹೆಜ್ಜೆ ಹೋಗ್ತದೆ."

"ನನ್ನ ಕೋಳಿಗೆ ಕಾಲು ನೋವು," ಅಂದೆ.

ಅವಳಿಗೆ ಅರ್ಥವಾಯಿತು ಎಂದು ಕಾಣುತ್ತದೆ. ಆಮೇಲೆ ನಾನು ಆಡುವಾಗ ರೇಡಿಯೋ ಬಂದ್ ಮಾಡುತ್ತಿದ್ದಳು.

ಒಂದು ಆದಿತ್ಯವಾರ ಅಂಗಳದಲ್ಲಿ ವಿಸ್ಮಿತಾ ನಿಂತಿದ್ದಳು. ಮೂಡುಬಿದಿರೆಯಿಂದ ಸೀದಾ ಬಂದದ್ದು, ಬೆನ್ನಿಗೆ ಇನ್ನೂ ಚೀಲ ಇತ್ತು. ನಾಲ್ಕು ವರ್ಷದಲ್ಲಿ ಥೇಟು ಅಕ್ಕನ ಹಾಗೆಯೇ ಆಗಿಬಿಟ್ಟಿದ್ದಳು.

"ಚಿಕ್ಕಮ್ಮ, ನಿಮ್ಮ ಫೋನ್ ಸರಿ ಉಂಟಾ?"

"ನನ್ನ ಫೋನಿಗೆ ಎಂಥಾಗಿದೆ?"

"ಯಾರು ಎಷ್ಟು ಸಲ ಬಿದ್ದರು ಅಂತ ನನಗೆ ಕಂಪ್ಯೂಟರಿನಲ್ಲಿ ಹೆಸರು ಸಮೇತ ಕಾಣ್ತದೆ. ಎಲ್ಲರೂ ಏಳು, ಹನ್ನೆರಡು, ಹದಿನೈದರಲ್ಲಿ ಬೀಳ್ತಾರೆ. ನೀವು ಒಬ್ಬರೇ ಮೊದಲನೇ ಹೆಜ್ಜೆಗೆ. ಹತ್ತೊಂಬತ್ತು ಸಾವಿರ ಸಲ! ಆಟದಲ್ಲಿಯೇ ಏನೋ ತಪ್ಪುಂಟು ಅಂತ ನಾನು ಎರಡು ದಿನ ನಿದ್ದೆ ಬಿಟ್ಟೆ."

ನಾನು ಅವಳಿಗೆ ಬೆಲ್ಲ ನೀರು ಕೊಟ್ಟೆ. ಆಮೇಲೆ ಕೇಳಿದೆ, "ಅಲ್ಲ ಮಗಾ, ಈ ಒಂದು ಬಡಕಲು ಕೋಳಿಗೆ ಜನ ಯಾಕೆ ಹೀಗೆ ಸಾಯ್ತಾರೆ?"

"ಅದು ಹಾಗೆಯೇ ಮಾಡಿದ್ದು ಚಿಕ್ಕಮ್ಮ. ಭಾರೀ ಕಷ್ಟ ಇದ್ರೆ ಜನ ಬಿಟ್ಟು ಹೋಗ್ತಾರೆ. ಸುಲಭ ಇದ್ರೂ ಬಿಟ್ಟು ಹೋಗ್ತಾರೆ. ಈಗ ಆಯ್ತು, ಆಗಿಯೇ ಹೋಯ್ತು ಅನ್ನುವಾಗ ಬೀಳ್ಬೇಕು. ಬಿದ್ದಾಗ ತಪ್ಪು ಸಂಕದ್ದಲ್ಲ, ನನ್ನದೇ, ಬೆರಳು ಸ್ವಲ್ಪ ಬೇಗ ಬಿಟ್ಟೆ ಅಂತ ಅನಿಸ್ಬೇಕು. ತಪ್ಪು ನಂದೇ ಆದ್ರೆ ಸರಿ ಮಾಡುವವರೂ ನಾನೇ ಅಲ್ವಾ? ಅದಕ್ಕೆ ಇನ್ನೊಂದು ಸಲ, ಇನ್ನೊಂದು ಸಲ."

ನೂಲಿನ ಡಬ್ಬಿಯ ಕಡೆ ನೋಡಬಾರದು ಎಂದುಕೊಂಡೆ. ನೋಡಿದೆ.

"ಆಚೆ ದಡದಲ್ಲಿ ಎಂಥ ಉಂಟು?"

ಹುಡುಗಿ ನಕ್ಕಳು. "ಯಾರಿಗೂ ಹೇಳ್ಬೇಡಿ. ಆಚೆ ದಡ ನಾನು ಮಾಡಿಯೇ ಇಲ್ಲ. ಸಂಕ ಮುಗಿಯುವುದೇ ಇಲ್ಲ."

"ಮತ್ತೆ ಅಮ್ಮನ ಸ್ವರ?"

"ಮೊದಲು ಹತ್ತು ಸಲ ಹೇಳಿಸಿದೆ ಚಿಕ್ಕಮ್ಮ. ಪಂಚಾಯತಿನ ಮೈಕಿನ ಹಾಗೆ ಬಂತು. ಕೊನೆಗೆ, ಚಿಕ್ಕಮ್ಮ ಎದುರು ಕೂತು ಚೆನ್ನೆ ಆಡಿ ಸೋತಿದ್ದಾರೆ ಅಂತ ಗ್ರಹಿಸಿ ಹೇಳಮ್ಮಾ ಅಂದೆ. ಆಮೇಲೆ ಒಂದೇ ಸಲಕ್ಕೆ ಬಂತು."

ಇಡೀ ಲೋಕಕ್ಕೆ ಕೇಳಿದ್ದು ನನಗೆ ಹೇಳಿದ ಮಾತು.

"ನನ್ನ ಹತ್ತೊಂಬತ್ತು ಸಾವಿರ ಅವಳಿಗೆ ಗೊತ್ತುಂಟಾ?"

"ತೋರಿಸಿದೆ. 'ಇವಳು ಸೋಲ್ಲಿಕ್ಕೆ ಯಾವಾಗ ಕಲಿತದ್ದು' ಅಂತ ಕೇಳಿದರು. ಮತ್ತೆ ಎದ್ದು ಬಾವಿಕಟ್ಟೆಗೆ ಹೋದರು."

ಫೋನಿನಲ್ಲಿ ಆಚೆ ದಡ ಇಲ್ಲದಿದ್ದರೆ ಬೇಡ, ಲಾಯಿಲಕ್ಕೆ ಬಸ್ಸು ಉಂಟಲ್ಲ. ಮರುದಿನ ಬೆಳಿಗ್ಗೆ ಮಂಜೊಟ್ಟಿ ಕಾಯಿಯನ್ನು ಸೆರಗಿನ ತುದಿಗೆ ಗಂಟು ಹಾಕಿ ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತಿದೆ. ಪುಂಜಾಲಕಟ್ಟೆ ದಾಟುವವರೆಗೆ ಹೇಳಬೇಕಾದ ಮಾತು ಜೋಡಿಸಿದೆ. ಮಡಂತ್ಯಾರಿನಲ್ಲಿ ಅದು ಸರಿ ಇಲ್ಲ ಎಂದು ಕಂಡಿತು. ಗುರುವಾಯನಕೆರೆಗೆ ಮುಟ್ಟುವಾಗ ಒಂದು ಮಾತೂ ನೆನಪಿರಲಿಲ್ಲ. ಬಸ್ಸಿನ ತುಂಬ ಜನ ಕೋಳಿ ಬೀಳಿಸುತ್ತಿದ್ದರು. ಮುಂದಿನ ಸೀಟಿನಿಂದ, ಹಿಂದಿನ ಸೀಟಿನಿಂದ, ಡ್ರೈವರನ ಪಕ್ಕದಿಂದ ಅಕ್ಕ ಕರೆಯುತ್ತಲೇ ಇದ್ದಳು.

ಅಕ್ಕನ ಮನೆಗೆ ಹೋಗಲು ಒಂದು ತೋಡು ದಾಟಬೇಕು. ಅದಕ್ಕೆ ಒಂದೇ ಮರದ ಸಂಕ. ವಿಸ್ಮಿತಾ ಆಟದಲ್ಲಿ ಇಟ್ಟದ್ದು ಅದನ್ನೇ. ಆಚೆ ಜಗಲಿಯಲ್ಲಿ ಅಕ್ಕ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಾ ಕೂತಿದ್ದಳು. ತಲೆ ಎತ್ತಿ ನನ್ನನ್ನು ನೋಡಿದಳು. ಮತ್ತೆ ತಲೆ ತಗ್ಗಿಸಿ ಬೀಜಕ್ಕೆ ಕೈ ಹಾಕಿದಳು.

ನಾನು ಸಂಕಕ್ಕೆ ಕಾಲಿಟ್ಟೆ. ಮೊದಲನೇ ಹೆಜ್ಜೆ. ಧೊಪ್ಪ!

ಬೇಕೆಂದೇ ಬಿದ್ದದ್ದು ಎಂದು ಖದೀಜ ಇವತ್ತಿಗೂ ಹೇಳುತ್ತಾಳೆ. ಹಾವಸೆ ಇತ್ತು ಎಂದು ನಾನು ಹೇಳುತ್ತೇನೆ. ಏನೇ ಇರಲಿ, ಸೊಂಟದವರೆಗೆ ನೀರು, ತಲೆಯ ಮೇಲೆ ಕೆಸುವಿನ ಎಲೆ, ದಂಡೆಯಲ್ಲಿ ಅಕ್ಕನ ಕೋಳಿ ನಿಂತು ನನ್ನನ್ನೇ ನೋಡುತ್ತಿತ್ತು. ಏಳಬಹುದಿತ್ತು, ನಾನು ಏಳಲಿಲ್ಲ. ಜಗಲಿಯಲ್ಲಿ ಬೀಜ ಬೀಳುವ ಸದ್ದು ನಿಂತಿತು. ನಾಲ್ಕು ವರ್ಷ ಎಷ್ಟು ಉದ್ದ ಇತ್ತೋ ಆ ಗಳಿಗೆ ಅಷ್ಟೇ ಉದ್ದ ಇತ್ತು.

"ನನೊರ ತೂಕ," ಅಂದಳು ಅಕ್ಕ.

ಫೋನಿನ ಕರಕರ ಇಲ್ಲದ ಸ್ವರ. ಕೊನೆಯ ಸಣ್ಣ ನಗು ಮಾತ್ರ ಇರಲಿಲ್ಲ.

ಎದ್ದೆ, ದಾಟಿದೆ. ಒಂದೇ ಸಲಕ್ಕೆ, ಶಾಫಿಯೂ ಕಾಣದ ಆಚೆ ದಡಕ್ಕೆ. ಸೆರಗಿನ ಗಂಟು ಬಿಚ್ಚಿ ಕಾಯಿಯನ್ನು ಅವಳ ಅಂಗೈಯಲ್ಲಿಟ್ಟೆ. ಅವಳು ಅದನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು.

"ಕೋಳಿ ಉಗುಳಿತಾ?"

"ಹೂಂ. ಈಗಷ್ಟೇ."

"ನೀನು ಅವತ್ತು ಹೇಳಿದ್ದು ಸರಿಯೇ ಚಿತ್ರಾ," ಅಂದಳು ಆಮೇಲೆ. "ಅವರು ಇನ್ನೂ ಬರ್ಲಿಲ್ಲ."

ಸೀರೆಯಿಂದ ನೀರು ಜಗಲಿಗೆ ಇಳಿಯುತ್ತಿತ್ತು. ಅಕ್ಕ ಒಳಗೆ ಹೋಗಿ ಒಂದು ಒಣ ಸೀರೆ ತಂದಳು. ಇನ್ನೊಂದು ಕೈಯಲ್ಲಿ ಚೆನ್ನೆಮಣೆ ಇತ್ತು.

"ಕಟ್ಟಳೆ ಉಂಟಲ್ಲಾ ಅಕ್ಕಾ," ಅಂದೆ.

"ಕಡಿದುಹೋಗುವುದು ಕಡಿದಾಯ್ತು. ಇನ್ನು ಎಂಥ ಹೆದರಿಕೆ? ಕೂತ್ಕೋ. ಕೈ ಸೆರಗಿನಿಂದ ದೂರ ಇರ್ಲಿ."

ಏಳು ಆಟ ಸೋತೆ. ಇಷ್ಟು ಸುಖವಾಗಿ ಯಾರೂ ಸೋತಿರಲಿಕ್ಕಿಲ್ಲ.

ಈಗ ಆಟಿ ಮುಗಿಯಲಿಕ್ಕೆ ಇನ್ನು ಒಂಬತ್ತೇ ದಿನ. ಆಮೇಲೆ ಮಣೆ ಅಟ್ಟಕ್ಕೆ ಹೋದರೆ ಇನ್ನೊಂದು ವರ್ಷ ಕಾಯಬೇಕು. ಹತ್ತೂವರೆಯ ಬಸ್ಸಿಗೆ ನಾನು ಲಾಯಿಲಕ್ಕೆ ಹೊರಟವಳು. ಹುಕ್ರಪ್ಪಣ್ಣನಿಗೆ ಕೊಡಬೇಕಾದ ಸಾವಿರ ಬೀಡಿ ಹಾಗೇ ಉಂಟು. ನೀವು ಇಷ್ಟು ಹೊತ್ತು ಕೈಕಟ್ಟಿ ಕೂತು ಕೇಳಿದಿರಲ್ಲ, ತಗೊಳ್ಳಿ, ಎಲೆ ಇಲ್ಲುಂಟು, ಕತ್ತರಿ ಅಲ್ಲುಂಟು, ನೂಲು ಡಬ್ಬಿಯಲ್ಲಿ. ಸುತ್ತಲಿಕ್ಕೆ ಗೊತ್ತಿಲ್ಲವಾ? ಮೊದಲನೆಯದು ಬಿಚ್ಚಿಹೋಗುತ್ತದೆ, ಹೋಗಲಿ. ನನೊರ ತೂಕ.