ಗೋಡೆಯಾಚೆಗೆ ಚಾಚಿದ ಕೊಂಬೆ

ರವೀಂದ್ರನ ಅಪ್ಪ ಕುರಿ ಕಾಯುತ್ತಿದ್ದವನು. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಕಂಡ ಮರಕ್ಕೆ ದೋಟಿ ಹಾಕಿ ಸೊಪ್ಪು ಕೆಡವುತ್ತಿದ್ದ. ಹಾಗೆ ಬೋಳಾದ ಮರ ಬದುಕಿತೋ ಸತ್ತಿತೋ ಎಂದು ತಿರುಗಿ ನೋಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ರವೀಂದ್ರ ತನ್ನೂರು ಬಬ್ಬೂರಿನ ಕೃಷಿ ಫಾರಂನಲ್ಲಿ ಕೂಲಿಗೆ ಸೇರಿದ ಮೇಲೆಯೇ, ಮರ ಕಡಿಯುವುದು ಬೇರೆ ಸವರುವುದು ಬೇರೆ ಎಂದು ಕಲಿತದ್ದು. ಈಗ ಅದೇ ಅವನ ಕಸುಬು. ಹೆಂಡತಿ ಮಮತಾಳನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹಿರಿಯೂರು, ಚಿತ್ರದುರ್ಗದ ಮನೆಗಳಿಗೆ ಹೋಗಿ ಮಾವು, ಸೀಬೆ, ಸಪೋಟ ಸವರಿಕೊಟ್ಟು ಬರುತ್ತಾನೆ. ಅವನು ಮೇಲೆ, ಅವಳು ಕೆಳಗೆ. ಕೊಯ್ದ ಕೊಂಬೆಯನ್ನು ಹಗ್ಗದಲ್ಲಿ ಇಳಿಸಿಕೊಳ್ಳುವುದು, ಗಾಯಕ್ಕೆ ಬಳಿಯಲು ಮೈಲುತುತ್ತ ಸುಣ್ಣ ಕಲಸಿಕೊಡುವುದು ಅವಳ ಕೆಲಸ.

ದುರ್ಗದಲ್ಲಿ ಕೋಟೆಯ ಬೆನ್ನಿಗಿರುವ ಹೊಸ ಬಡಾವಣೆಯ ಶಾಂತಿ ಮೇಡಂ ಅವನಿಗೆ ಹಳೆಯ ಗಿರಾಕಿ. ಬ್ಯಾಂಕಿನಲ್ಲಿ ಕೆಲಸ. ಅವರ ಹಿತ್ತಲಿನಲ್ಲಿ ಒಂದು ಹಳೆಯ ಸೀಬೆ ಮರವಿತ್ತು. ಪ್ರತಿ ವರ್ಷ ಅವರು ಹೇಳುತ್ತಿದ್ದದ್ದು ಒಂದೇ ಮಾತು. "ಪಕ್ಕದ ಮನೆ ಕಡೆ ಮಾತ್ರ ಮುಟ್ಬೇಡ. ಅಲ್ಲಿ ದಟ್ಟವಾಗಿರ್ಲಿ." ಮರೆ ಬೇಕಾಗಿದೆ ಎಂದುಕೊಂಡು ಅವನು ಸುಮ್ಮನಾಗುತ್ತಿದ್ದ. ಒಂದು ಮಗ್ಗುಲು ಮಾತ್ರ ಬೆಳೆದ ಮರ ನೋಡಲು ಸೊಟ್ಟಗಿತ್ತು.

ಈ ಮಳೆಗಾಲದಲ್ಲಿ ಶಾಂತಿ ಮೇಡಂ ತಾವೇ ಫೋನ್ ಮಾಡಿ ಉಲ್ಟಾ ಹೇಳಿದರು. ಪಕ್ಕದ ಮನೆಯ ಗೋವಿಂದಪ್ಪನವರು ತಕರಾರು ತೆಗೆದಿದ್ದಾರೆ, ಕಾಯಿ ಅವರ ತಗಡಿನ ಮೇಲೆ ಬಿದ್ದು ಸದ್ದಾಗುತ್ತದೆ, ಬಾವಲಿ ಬರುತ್ತವೆ, ಆ ಕಡೆಯ ಕೊಂಬೆಯನ್ನು ಬುಡದಿಂದಲೇ ತೆಗೆದುಬಿಡಬೇಕು.

"ಕಾಯಿ ತುಂಬೈತಲ್ರಿ ಮೇಡಂ. ಹಣ್ಣು ಮುಗೀಲಿ, ಆಮೇಲೆ ತೆಗೆಯಾಣ," ಎಂದ ರವೀಂದ್ರ.

"ಇಲ್ಲಪ್ಪ, ದಿನಾ ಗೇಟಿನ ಹತ್ರ ನಿಂತು ಕೇಳ್ತಾರೆ. ನನಗೆ ಸಾಕಾಗಿದೆ."

ಮರುದಿನ ಬೆಳಿಗ್ಗೆ ಅವನು ಮರ ಹತ್ತಿದ. ಆ ಕೊಂಬೆ ಕಾಂಪೌಂಡ್ ದಾಟಿ ಗೋವಿಂದಪ್ಪನ ಮನೆಯ ಹಿಂದಿನ ಓಣಿಯ ಮೇಲೆ ಚಾಚಿತ್ತು. ಎಲೆ ಎಷ್ಟು ದಟ್ಟವಾಗಿತ್ತೆಂದರೆ ಕೆಳಗೆ ಏನಿದೆಯೆಂದು ಕಾಣುತ್ತಿರಲಿಲ್ಲ. ತುದಿಗೆ ಹಗ್ಗ ಬಿಗಿದು, ತೊಗಟೆ ಸೀಳದ ಹಾಗೆ ಕೆಳಗಿನಿಂದ ಒಂದು ಗೀರು ಕೊಟ್ಟು, ಮೇಲಿನಿಂದ ಗರಗಸ ಆಡಿಸಿದ. ಕೊಂಬೆ ಕಳಚಿ ಹಗ್ಗದಲ್ಲಿ ತೂಗಾಡಿತು. ಆ ಕುಲುಕಿಗೆ ಹಣ್ಣು ಉದುರಿ ತಗಡಿನ ಮೇಲೆ ದಡಬಡ ಸದ್ದಾಯಿತು.

ಈಗ ಓಣಿ ಬೆಳಕಾಗಿ ಕಂಡಿತು. ಅಲ್ಲೊಂದು ತಗಡಿನ ಕೋಣೆ. ಹೊರಗಿನಿಂದ ಚಿಲಕ, ಚಿಲಕಕ್ಕೆ ಬೀಗ. ಬಾಗಿಲಿನ ಕೆಳಭಾಗ ತುಕ್ಕು ಹಿಡಿದು ತೂತಾಗಿತ್ತು. ಆ ತೂತಿನಿಂದ ಒಂದು ಕೈ ಹೊರಗೆ ಬಂದು, ನೆಲ ತಡವಿ, ಬಿದ್ದ ಹಣ್ಣೊಂದನ್ನು ಹಿಡಿದು ಒಳಗೆಳೆದುಕೊಂಡಿತು. ಮತ್ತೆ ಬಂತು. ಉಗುರು ಉದ್ದ ಬೆಳೆದು ಬಾಗಿದ್ದವು. ಮುಂಗೈ ಎಷ್ಟು ಸಣ್ಣಗಿತ್ತೆಂದರೆ ಮಗುವೆಂದುಕೊಂಡ. ದನಿ ಮಾತ್ರ ಮಗುವಿನದಾಗಿರಲಿಲ್ಲ.

"ಕಡೀಬ್ಯಾಡಣ್ಣ. ನನಗೆ ಅದೊಂದೇ ಐತೆ."

ರವೀಂದ್ರ ಗರಗಸವನ್ನು ಕವಲಿಗೆ ಸಿಕ್ಕಿಸಿ, ಬಗ್ಗಿ ಆ ತೂತನ್ನೇ ನೋಡಿದ.

"ಯಾಕ್ರೀ ನಿಂತ್ರಿ, ಇಳಿಸ್ಲಾ?" ಎಂದು ಮಮತಾ ಕೆಳಗಿನಿಂದ ಕೂಗಿದಳು.

ಅವನು ಹಗ್ಗವನ್ನು ತನ್ನ ಕಡೆಗೆ ಎಳೆದುಕೊಂಡು, ಕೊಂಬೆಯಲ್ಲಿ ಉಳಿದಿದ್ದ ಹಣ್ಣು, ದೋರೆಗಾಯಿ ಎಲ್ಲವನ್ನೂ ಕಿತ್ತು ಆ ಬಾಗಿಲ ಬುಡಕ್ಕೆ ಎಸೆದ. ಕೈ ಒಂದೊಂದನ್ನೇ ಒಳಗೆ ತೆಗೆದುಕೊಂಡಿತು. ದೂರಕ್ಕೆ ಉರುಳಿದವು ಅಲ್ಲೇ ಬಿದ್ದಿದ್ದವು.

ಇಳಿದು ಬಂದು ಹೇಳಿದಾಗ ಮಮತಾ ಸುಣ್ಣದ ಡಬ್ಬಿಯನ್ನು ಕೆಳಗಿಟ್ಟಳು. ಶಾಂತಿ ಮೇಡಂ ಅಡುಗೆಮನೆಯ ಬಾಗಿಲಲ್ಲೇ ನಿಂತು ಕೇಳಿದರು. ಅವರ ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

"ಅವರ ತಂಗಿ. ಗಂಡನ ಮನೆಯಿಂದ ವಾಪಸ್ ಬಂದೋಳು. ತಲೆ ಸರಿ ಇಲ್ವಂತೆ," ಎಂದರು.

"ನಿಮಗೆ ಗೊತ್ತಿತ್ತೇನ್ರಿ?"

"ನಾವಿಲ್ಲಿಗೆ ಬಂದಾಗಿಂದ ಕೇಳಿಸ್ತಿತ್ತು. ಮೊದಮೊದಲು ಅಳ್ತಿದ್ಳು. ಆಮೇಲಾಮೇಲೆ ಅಳೋದು ನಿಂತ್ಹೋಯ್ತು. ಬೀದೀಲಿ ಯಾರೂ ಮಾತಾಡಲ್ಲ ರವೀಂದ್ರ. ನಾನೊಬ್ಬಳು ಏನು ಮಾಡ್ಲಿ? ದಿನಾ ಮುಖ ನೋಡ್ಬೇಕಾದೋರು." ಸೆರಗಿಗೆ ಕೈ ಒರೆಸುತ್ತ, "ಕಾಣಬಾರ್ದು ಅಂತಾನೇ ಆ ಕಡೆ ಬಿಡು ಅಂದಿದ್ದು," ಎಂದರು.

ಮಮತಾ ಗಂಡನ ತೋಳು ಹಿಡಿದಳು. "ನಾವು ಹೊರಗ್ನೋರು ಕಣ್ರಿ. ಹೋಗಾಣ ನಡೀರಿ." ಅವನು ತೋಳು ಬಿಡಿಸಿಕೊಂಡು ರಸ್ತೆಗೆ ಹೋಗಿ ಪೊಲೀಸರಿಗೆ ಫೋನ್ ಮಾಡಿದ.

ಇಬ್ಬರು ಬೈಕಿನಲ್ಲಿ ಬಂದರು. ಗೋವಿಂದಪ್ಪ ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಗೇಟಿಗೆ ಬಂದು, ಅವರನ್ನು ಒಳಗೆ ಕರೆದು ಕೂರಿಸಿದ. ಟೀ ಹೋಯಿತು. ಯಾವುದೋ ಆಸ್ಪತ್ರೆಯ ಚೀಟಿಗಳನ್ನೂ ತೋರಿಸಿದನಂತೆ. ಹೊರಗೆ ಬಂದ ಮೇಲೆ ಇಬ್ಬರಲ್ಲಿ ಹಿರಿಯನಾದವನು, "ಹುಷಾರಿಲ್ಲದ ಹೆಂಗಸು, ಮನೇಲಿಟ್ಕೊಂಡು ನೋಡ್ಕೊಳ್ತಿದಾರೆ," ಎಂದ.

"ಹಿಂದಿನ ಕೋಣೆ ಬಾಗ್ಲು ತೆಗೆಸಿ ನೋಡಿದ್ರಾ ಸಾರ್?"

"ನೀನು ನಿನ್ನ ಕೆಲ್ಸ ನೋಡ್ಕಳಪ್ಪ."

ಅವರು ಹೋದ ಮೇಲೆ ಗೋವಿಂದಪ್ಪ ದನಿ ಏರಿಸದೆ ರವೀಂದ್ರನಿಗೆ ಹೇಳಿದ, "ಮರಕ್ಕೆ ಕರೆದಿದ್ರು, ಮರ ಆಯ್ತು. ಇನ್ನೊಂದ್ಸಲ ಈ ಬೀದೀಲಿ ಕಾಣಿಸ್ಕಬೇಡ."

ಗಂಡ ಹೆಂಡತಿ ಮೊಪೆಡ್ಡಿನಲ್ಲಿ ಊರಿಗೆ ಹೊರಟರು. ದಾರಿಯುದ್ದಕ್ಕೂ ಅವನ ಕಿವಿಯಲ್ಲಿ ಕಡೀಬ್ಯಾಡಣ್ಣ ಎಂಬ ಆ ಒಂದು ಮಾತೇ ಇತ್ತು. ಅವನು ಕೊಯ್ದದ್ದು ಅಚ್ಚುಕಟ್ಟಾದ ಗಾಯ. ಪೊಲೀಸರಿಗೆ ಕಾಯುವಾಗ ಅದಕ್ಕೆ ಮೈಲುತುತ್ತದ ಸುಣ್ಣ ಬಳಿದದ್ದೂ ಆಗಿತ್ತು. ಹಣ್ಣು ಬಿಡುವ ಹೊಸ ರೆಂಬೆ ಆ ಕಡೆಗೆ ಇನ್ನು ಬರುವುದಿಲ್ಲ.

ಮನೆಗೆ ಹೋದವನು ಊಟ ಮಾಡಲಿಲ್ಲ. ಮರುದಿನ, ಬೇಡ ಎಂದಿದ್ದ ಮಮತಾಳೇ ಎದ್ದು ಊರಿನ ಆಶಾ ಕಾರ್ಯಕರ್ತೆ ರೇಣುಕಾಳ ಮನೆಗೆ ಹೋದಳು. ರೇಣುಕಾ ಗಟ್ಟಿ ಹೆಂಗಸು. ಗೊತ್ತಿದ್ದವರಿಗೆಲ್ಲ ಫೋನ್ ಹಚ್ಚಿದಳು. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ನಾಳೆ ನೋಡೋಣ ಎಂಬ ಮಾತು ಬಂತು. ನಾಳೆಯೂ ಅದೇ ಮಾತು. ಮಮತಾ ತಡೆಯಲಾರದೆ ಸಂತೆಯಿಂದ ಸೀಬೆಹಣ್ಣು, ಬಾಳೆಹಣ್ಣು ತಂದು ಸೆರಗಿನಲ್ಲಿ ಕಟ್ಟಿಕೊಂಡು ಒಬ್ಬಳೇ ಬಸ್ಸು ಹತ್ತಿದಳು. ಶಾಂತಿ ಮೇಡಂ ಹಿತ್ತಲಿಗೆ ಬಿಟ್ಟರು. ಕಾಂಪೌಂಡಿನ ಈಚೆಯಿಂದ ಎಸೆದಳು. ಆಚೆ ತಗಡು ಕೆರೆದ ಸದ್ದು ಕೇಳಿಸಿತು.

ಎರಡು ದಿನ ಬಿಟ್ಟು ಹೋದಾಗ ಗೇಟಿಗೆ ಬೀಗ ಹಾಕಿತ್ತು. ಶಾಂತಿ ಮೇಡಂ ಕಿಟಕಿಯಿಂದಲೇ ಕೈಮುಗಿದರು. "ನಮ್ಮೆಜಮಾನ್ರು ಬೈದ್ರು. ದಯವಿಟ್ಟು ಬರಬೇಡ ಕಣಮ್ಮ." ಹಣ್ಣಿನ ಗಂಟು ಮಮತಾಳ ಸೆರಗಿನಲ್ಲೇ ಬಬ್ಬೂರಿಗೆ ವಾಪಸಾಯಿತು. ಅದನ್ನು ಇಬ್ಬರಲ್ಲಿ ಯಾರೂ ತಿನ್ನಲಿಲ್ಲ.

ಕೊನೆಗೆ ರೇಣುಕಾ ಬೆನ್ನು ಬಿಡದೆ ಒಬ್ಬ ಮಹಿಳಾ ಅಧಿಕಾರಿಯನ್ನು ಹೊರಡಿಸಿದಳು. ಜೊತೆಗೆ ಬೇರೆ ಪೊಲೀಸರು, ಆಂಬುಲೆನ್ಸ್. ಜಾಗ ತೋರಿಸಲು ರವೀಂದ್ರನೂ ಮಮತಾಳೂ ಹೋದರು. ಗೋವಿಂದಪ್ಪ ಕೀ ಸಿಗುತ್ತಿಲ್ಲ ಎಂದ. ಬೀಗ ಒಡೆದರು. ಒಳಗಿನ ವಾಸನೆಗೆ ಪೊಲೀಸರೇ ಮುಖ ತಿರುಗಿಸಿಕೊಂಡರು. ಮೂಲೆಯಲ್ಲಿ ಗೋಣಿಚೀಲದ ಮೇಲೆ ಅವಳು ಮಗ್ಗುಲಾಗಿ ಮಲಗಿದ್ದಳು. ಉಸಿರಿತ್ತು. ಒಂದು ಕಡೆ ಸೀಬೆಯ ಎಲೆಗಳ ರಾಶಿ. ಕೆಲವನ್ನು ಅಗಿದು ಉಗುಳಿದ್ದಳು. ರವೀಂದ್ರ ದುಪ್ಪಟಿಯಲ್ಲಿ ಸುತ್ತಿ ಎತ್ತಿದ. ತೂಕವೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಅವಳ ಬಳಿ ಕೂರಲು ಯಾರೂ ಇರಲಿಲ್ಲವಾಗಿ ಮಮತಾ ಕುಳಿತಳು. ಉಗುರು ಕತ್ತರಿಸಿದಳು, ಜಡೆಗಟ್ಟಿದ ಕೂದಲನ್ನು ನರ್ಸ್ ಜೊತೆ ಸೇರಿ ತೆಗೆದಳು. ಚಮಚದಲ್ಲಿ ಗಂಜಿ ಹಾಕಿದರೆ ಅರ್ಧ ಹೊರಗೇ ಬರುತ್ತಿತ್ತು. ಒಂದು ಮಧ್ಯಾಹ್ನ ಕಣ್ಣು ಬಿಟ್ಟು, ತನ್ನ ಹೆಸರು ನಾಗಶ್ರೀ ಎಂದಳು. ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂದಿತ್ತು ಎಂದೂ ಹೇಳಿದಳು. ಮಾತು ಸರಿಯಾಗಿಯೇ ಇತ್ತು.

"ಕೊಂಬೆ ಕಡಿದೋನು ನಿನ್ನ ಗಂಡನಾ?"

ಮಮತಾ ತಲೆ ತಗ್ಗಿಸಿ ಹೂಂ ಎಂದಳು.

"ಅಷ್ಟೂ ಹಣ್ಣು ಉದುರಿಸಿ ಹೋದ ಕಣಕ್ಕ," ಎಂದು ನಾಗಶ್ರೀ ಕಣ್ಣು ಮುಚ್ಚಿದಳು. ಅದು ಬೈಗುಳವೋ ಉಪಕಾರ ನೆನೆದದ್ದೋ ಮಮತಾಳಿಗೆ ತಿಳಿಯಲಿಲ್ಲ. ಮಾರನೆಯ ಬೆಳಿಗ್ಗೆ ನಾಗಶ್ರೀ ತೀರಿಕೊಂಡಳು. ಬಹಳ ಕಾಲದ ಉಪವಾಸ, ಪುಪ್ಪುಸ ಕೆಟ್ಟಿತ್ತು, ಇನ್ನಷ್ಟು ಮೊದಲೇ ಕರೆತಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು. ಎಷ್ಟು ಮೊದಲು ಎಂದು ಕೇಳುವ ಧೈರ್ಯ ರವೀಂದ್ರನಿಗೆ ಬರಲಿಲ್ಲ.

ಕೇಸಾಯಿತು. ಗೋವಿಂದಪ್ಪನಿಗೆ ಜಾಮೀನೂ ಆಯಿತು. ಬೇರೆ ವಾರಸುದಾರರಿಲ್ಲದೆ ಹೆಣವೂ ಅವನ ಮನೆಗೇ ಹೋಯಿತು. ಅವನು ಶಾಮಿಯಾನ ಹಾಕಿಸಿದ, ಹೂವಿನ ರಾಶಿ ಹಾಕಿಸಿದ, ತಂಗಿಯ ಕಾಲಿನ ಬಳಿ ಕುಳಿತು ಅತ್ತ. ಅಷ್ಟು ವರ್ಷ ಏನೂ ಕೇಳಿಸದಿದ್ದ ಬೀದಿಯವರೆಲ್ಲ ಹಾರ ಹಿಡಿದು ಬಂದರು. ಶಾಂತಿ ಮೇಡಂ ಕೂಡ ಬಂದರು. ರವೀಂದ್ರ ಮಮತಾ ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದರು. ಹತ್ತಿರ ಬನ್ನಿ ಎಂದು ಯಾರೂ ಕರೆಯಲಿಲ್ಲ.

ಹೆಣ ಎತ್ತಿದ ಮೇಲೆ ಗುಂಪಿನಿಂದ ಒಬ್ಬರು ಅವರತ್ತ ಬಂದರು. ಮುಂದಿನ ಅಡ್ಡರಸ್ತೆಯ ಮನೆಯವರಂತೆ. "ನೀನಲ್ವಾ ಮರ ಸವರೋನು? ನಮ್ಮ ಹಿತ್ತಲಲ್ಲಿ ಮಾವಿನ ಮರ ಐತೆ, ವಿಪರೀತ ಬೆಳೆದೈತೆ. ಯಾವಾಗ ಬರ್ತೀಯ?"

"ಇನ್ನು ಈ ಕಡೆ ಬರಲ್ರಿ," ಎಂದ ರವೀಂದ್ರ.

"ಬರ್ತೀವ್ರಿ," ಎಂದಳು ಮಮತಾ. "ಸೋಮವಾರ ಬರ್ತೀವಿ. ಮನೆ ಎಲ್ಲಿ ಬರ್ತೈತೆ ಹೇಳ್ರಿ."

ಅವನು ಹೆಂಡತಿಯ ಮುಖ ನೋಡಿದ. ಅವಳು ಅವನತ್ತ ತಿರುಗಲಿಲ್ಲ. ಆ ಮನುಷ್ಯ ಹೇಳಿದ ಗುರುತನ್ನು ಗಮನವಿಟ್ಟು ಕೇಳಿಸಿಕೊಂಡಳು.

ಸೋಮವಾರ ಅವನು ಮಾವಿನ ಮರದ ತುದಿ ಹತ್ತಿದಾಗ ಮಮತಾ ಹಗ್ಗ ಹಿಡಿದು ಕೆಳಗೆ ನಿಂತಿದ್ದಳು. ಗರಗಸ ತೆಗೆಯುವ ಮೊದಲೇ ಕೇಳಿದಳು.

"ಏನ್ ಕಾಣ್ತೈತ್ರಿ?"

ಅವನು ನಾಲ್ಕು ಕಡೆಗೂ ನಿಧಾನವಾಗಿ ನೋಡಿದ. ಒಂದು ಹಿತ್ತಲಲ್ಲಿ ಬಟ್ಟೆ ಒಣಗುತ್ತಿದ್ದವು. ಇನ್ನೊಂದರಲ್ಲಿ ನಾಯಿ ಮಲಗಿತ್ತು. ಮೂರನೆಯದರಲ್ಲಿ ಒಂದು ತಗಡಿನ ಕೋಣೆ, ಬಾಗಿಲು ಹಾಕಿತ್ತು.

"ತಡಿ," ಎಂದು ಅವನು ಇನ್ನೊಂದು ಕೊಂಬೆ ಮೇಲಕ್ಕೆ ಹತ್ತಿದ.